ಉಪ್ಪುನೀರಿನ ವಾಸನೆ

ನನಗೆ ಕೋವಿಡ್ ಎರಡನೇ ಸಲ ಬಂದು ಹೋದಾಗ ಮೂಗು ಸತ್ತುಹೋಯಿತು. ನೆಗಡಿ ಇರಲಿಲ್ಲ, ಉಸಿರು ಸಲೀಸಾಗಿ ಆಡುತ್ತಿತ್ತು. ವಾಸನೆ ಮಾತ್ರ ಇಲ್ಲ. ಬೇರೆಯವರಿಗಾದರೆ ಇದು ಬರೀ ಬೇಜಾರಿನ ವಿಷಯ. ನನ್ನ ಹೊಟ್ಟೆಪಾಡೇ ಮೂಗಿನ ಮೇಲಿತ್ತು.

ನಾಯಂಡಹಳ್ಳಿಯ ಗೋಡೌನುಗಳ ಸಾಲಿನಲ್ಲಿ, ಒಂದು ಕಡೆ ಲೇತ್ ಶೆಡ್ಡು, ಇನ್ನೊಂದು ಕಡೆ ಟೈಲ್ಸ್ ಅಂಗಡಿ, ನಡುವೆ ನಮ್ಮ ಪುಟ್ಟ ಲ್ಯಾಬು. ಹಾಲನ್ನು ಮೊಸರು ಮಾಡುತ್ತವಲ್ಲ, ಆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳ ಮೇಲೆ ನಮ್ಮ ಕೆಲಸ. ಮನೆಮನೆಯ ಮೊಸರು ತಂದು, ಅದರಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಹೊಟ್ಟೆಯ ಆಮ್ಲವನ್ನು ತಡೆದು ಕರುಳಿನವರೆಗೆ ಬದುಕಿ ಹೋಗುವಂಥವು ಯಾವುವು ಎಂದು ಆರಿಸುತ್ತಿದ್ದೆವು. ಹಾಗೆ ನಾನೇ ಹುಡುಕಿದ ಒಂದು ತಳಿಯನ್ನು ಚೀಸಿಗೆ ಹಾಕಿ, ಚೀಸು ಮಾಗುವ ತಿಂಗಳುಗಳುದ್ದಕ್ಕೂ ಅದು ಜೀವಂತವಾಗಿರುತ್ತದೆಯೇ, ರುಚಿ ಕೆಡಿಸುತ್ತದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂದಿತ್ತು. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ಪ್ಲೇಟಿನಲ್ಲಿ ಎದ್ದ ಬಿಳಿ ಚುಕ್ಕೆಗಳನ್ನು ಯಾರು ಬೇಕಾದರೂ ಎಣಿಸಬಹುದು. ತಂಪು ಕೋಣೆಗೆ ಹೋಗಿ, ದುಂಡನೆಯ ಚೀಸನ್ನು ಎತ್ತಿ ಮೂಸಿ, ‘ಇದಕ್ಕಿನ್ನೂ ಎರಡು ವಾರ ಬೇಕು’ ಅನ್ನುತ್ತಿದ್ದವಳು ನಾನೊಬ್ಬಳೇ. ಲ್ಯಾಬಿನ ಮುಖ್ಯಸ್ಥರು, ನಾವೆಲ್ಲ ಸಾರ್ ಅನ್ನುತ್ತಿದ್ದವರು, ಬಂದವರಿಗೆ ನನ್ನನ್ನು ತೋರಿಸಿ “ಇವರು ನಮ್ಮ ಲ್ಯಾಬಿನ ಮೂಗು” ಅನ್ನುತ್ತಿದ್ದರು.

ಅದಕ್ಕೇ ಯಾರಿಗೂ ಹೇಳಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಮೂರು ತಿಂಗಳು ದೂಡಿದೆ.

ಶ್ರೀಗಂಧದ ಕಾವಲಿನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಒಂಟಿಯಾಗಿರುವುದು ನನಗೆ ಹೊಸದಲ್ಲ, ಆದರೆ ಇದು ಬೇರೆ ಥರದ ಒಂಟಿತನ. ಒಗ್ಗರಣೆಯ ಸದ್ದು ಕೇಳುತ್ತದೆ, ಅಷ್ಟೇ. ಹಾಲು ಕೆಟ್ಟಿದೆಯಾ ನೋಡು ಅಂತ ಕೇಳಲು ಮನೆಯಲ್ಲಿ ಇನ್ನೊಂದು ಮೂಗಿಲ್ಲ. ಒಂದು ದಿನ ಕೆಳಗಿನ ಮನೆಯ ಆಂಟಿ ಓಡಿ ಬಂದು ಬಾಗಿಲು ಬಡಿದರು. “ಗ್ಯಾಸ್ ವಾಸನೆ ಹೊಡೀತಾ ಇದೆ ಕಣ್ರೀ, ನಿಮಗೆ ಬರ್ತಿಲ್ವಾ?” ಒಳಗೆ ಓಡಿ ಒಲೆಯ ಗುಬುಟು ತಿರುಗಿಸಿ, “ಬಂತು ಆಂಟಿ, ಈಗಷ್ಟೇ ಆಫ್ ಮಾಡ್ದೆ” ಎಂದು ನಕ್ಕೆ. ಅವರು ಹೋದ ಮೇಲೆ ಕಿಟಕಿಗಳನ್ನೆಲ್ಲ ತೆರೆದು ಬಹಳ ಹೊತ್ತು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ.

ಲ್ಯಾಬಿನಲ್ಲಿ ಗಾಜಿನ ಸಾಮಾನು, ಚೀಸು ಸೋಸುವ ಬಟ್ಟೆ ತೊಳೆಯಲು ಒಬ್ಬ ಅಕ್ಕ ಬರುತ್ತಿದ್ದರು. ಸುಂಕದಕಟ್ಟೆಯಿಂದ ಎರಡು ಬಸ್ಸು ಹತ್ತಿ ಬರಬೇಕು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಒಂದು ಬೆಳಿಗ್ಗೆ ತಂಪು ಕೋಣೆ ಒರೆಸಿ ಬಂದವರು ನನ್ನ ಮೇಜಿನ ಪಕ್ಕ ನಿಂತರು.

“ಮೇಡಂ, ಮೂರನೇ ಹಲಗೆ ಮೇಲಿಂದು ಯಾಕೋ ಕೆಟ್ಟ ವಾಸ್ನೆ ಬರ್ತೈತೆ.”

“ಚೀಸ್ ಅಂದ್ರೆ ಹಂಗೇ ಅಕ್ಕ. ನಿಮಗೆ ಅಭ್ಯಾಸ ಇಲ್ಲ.”

“ಆರು ವರ್ಷದಿಂದ ಇಲ್ಲೇ ಇವ್ನಿ ಮೇಡಂ.”

ನಾನು ನೋಟ್‌ಬುಕ್ಕಿನ ಪುಟ ತಿರುಗಿಸಿದೆ. ಹುಳಿಯ ಅಳತೆ ಸರಿಯಿತ್ತು, ನಮ್ಮ ತಳಿ ಬೇಕಾದಷ್ಟು ಜೀವಂತವಿತ್ತು. ನೋಟ್‌ಬುಕ್ಕಿನಲ್ಲಿ ಎಲ್ಲ ಚೆನ್ನಾಗಿತ್ತು.

ಮುಂದಿನ ವಾರ, ನಮ್ಮ ತಳಿಯನ್ನು ಬಳಸಲು ಯೋಚಿಸುತ್ತಿದ್ದ ಡೈರಿಯಿಂದ ಮೂವರು ಬಂದರು. ಸಾರ್ ಅದೇ ಚೀಸನ್ನು ಕತ್ತರಿಸಿ ತಟ್ಟೆಯಲ್ಲಿಟ್ಟರು. ಹಿರಿಯರೊಬ್ಬರು ಒಂದು ತುಂಡು ಬಾಯಿಗೆ ಹಾಕಿಕೊಂಡವರೇ ಟಿಶ್ಯೂ ಕೈಗೆತ್ತಿಕೊಂಡರು.

“ಏನ್ ಸಾರ್ ಇದು, ನಾಲ್ಕು ದಿನದ ಹಳೇ ದೋಸೆ ಹಿಟ್ಟಿನ ಥರ!”

ಸಾರ್ ತುಂಡನ್ನು ಮೂಸಿ ನನ್ನ ಮುಖ ನೋಡಿದರು. ನಾನೂ ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ. ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಗೊತ್ತಾಗಿದ್ದು ಹುಳಿ, ಉಪ್ಪು ಎರಡೇ. “ಹುಳಿ ಸ್ವಲ್ಪ ಜಾಸ್ತಿ ಆಗಿದೆ ಅನ್ಸುತ್ತೆ,” ಅಂದೆ. ಬಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವರು ಹೋದ ಮೇಲೆ ಸಾರ್ ಎಲ್ಲರ ಮುಂದೆ ಅಕ್ಕನನ್ನು ಕರೆದರು.

“ಬಟ್ಟೆ ಕುದಿಸಿದ್ರಾ ಇಲ್ವಾ?”

“ಕುದ್ಸಿದ್ದೆ ಸಾರ್.”

“ಕುದಿಸಿದ್ರೆ ಹಿಂಗ್ಯಾಕಾಗುತ್ತೆ? ಆಗಲ್ಲ ಅಂದ್ರೆ ಹೇಳ್ಬಿಡಿ, ಬೇರೆಯವರನ್ನ ನೋಡ್ಕೋತೀವಿ.”

ಅಕ್ಕ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಲೇಬಲ್ಲಿನ ಮೇಲೆ ಏನೋ ಬರೆಯುತ್ತಿದ್ದೆ. ಏನು ಬರೆದೆ ಎಂದು ಈಗ ನೆನಪಿಲ್ಲ. ತಲೆ ಎತ್ತಲಿಲ್ಲ ಅನ್ನುವುದು ನೆನಪಿದೆ.

ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು. ಒತ್ತಿ ತೆಗೆದ ಚೀಸನ್ನು ಉಪ್ಪುನೀರಿನಲ್ಲಿ ಮುಳುಗಿಸಿಡುತ್ತೇವೆ. ಆ ನೀರನ್ನು ಯಾವಾಗ ಬದಲಾಯಿಸಬೇಕೆಂದು ಹೇಳುವವಳು ನಾನು. ಇಷ್ಟು ವರ್ಷ ತೊಟ್ಟಿಯ ಮೇಲೆ ಬಗ್ಗಿ ಮೂಸಿಯೇ ಹೇಳಿದ್ದೆ. ಈ ಮೂರು ತಿಂಗಳೂ ಬಗ್ಗಿದ್ದೆ, ‘ಪರವಾಗಿಲ್ಲ’ ಅಂದಿದ್ದೆ. ಸಂಜೆ ಎಲ್ಲರೂ ಹೋದ ಮೇಲೆ ಆ ನೀರಿನ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ನನಗೆ ಪರಿಚಯವಿದ್ದ, ಸಣ್ಣ ಕಡ್ಡಿಗಳಂಥ ಬ್ಯಾಕ್ಟೀರಿಯಾಗಳು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಹಿಟ್ಟನ್ನು ಉಬ್ಬಿಸುವ ಯೀಸ್ಟು, ಮೊಗ್ಗು ಬಿಟ್ಟು ಕಿಕ್ಕಿರಿದು ತುಂಬಿತ್ತು.

ಮರುದಿನ ಬೇಗ ಹೋಗಿ ಸಾರ್ ಬರುವುದನ್ನೇ ಕಾದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಷ್ಟು ದಿನದಿಂದ?”

“ಮೂರು ತಿಂಗಳಾಯ್ತು ಸಾರ್.”

“ಹೇಳಿದ್ರೆ ಕೆಲಸದಿಂದ ತೆಗೀತೀನಿ ಅಂದ್ಕೊಂಡ್ರಾ?”

“ಹೂಂ ಸಾರ್.”

ತೆಗೆಯುತ್ತಿರಲಿಲ್ಲ ಎಂದು ಅವರು ಹೇಳಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, “ತಂಪು ಕೋಣೆ ಬೀಗದ ಕೈ ಕೊಟ್ಬಿಡಿ, ಪ್ಲೇಟ್ ಕೆಲಸ ನೋಡ್ಕೊಳ್ಳಿ,” ಅಂದರು. ಕೊಟ್ಟೆ. ತಪ್ಪು ಅಕ್ಕನದಲ್ಲ ಎಂದು ಎಲ್ಲರ ಮುಂದೆಯೇ ಹೇಳಬೇಕು ಎಂದು ಕೇಳಿಕೊಂಡೆ. ಮಧ್ಯಾಹ್ನ ಅವರು ಹೇಳಿದ್ದು ಇಷ್ಟೇ: “ಬಟ್ಟೇದಲ್ಲಮ್ಮ ತಪ್ಪು, ಉಪ್ಪುನೀರಿಂದು.” ಯಾರ ಉಪ್ಪುನೀರು ಎಂದು ಹೇಳದೆ ನನ್ನ ಮಾನ ಉಳಿಸಿದರು. ಅದೂ ಚುಚ್ಚಿತು.

ಸಿಂಕಿನ ಹತ್ತಿರ ಹೋಗಿ ನಿಂತೆ. ಅಕ್ಕ ಫ್ಲಾಸ್ಕು ಉಜ್ಜುತ್ತಿದ್ದರು.

“ನನ್ನಿಂದ ಆಗಿದ್ದು ಅಕ್ಕ. ನನಗೆ ವಾಸನೇನೇ ಗೊತ್ತಾಗಲ್ಲ.”

“ಗೊತ್ತು ಮೇಡಂ.”

ಅವರು ಕೈ ನಿಲ್ಲಿಸದೆ ಹೇಳಿದರು. “ಯುಗಾದಿ ಆದ್ಮೇಲೆ ಒಂದಿನ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ರಿ. ಸಾರು ಹಳಸೋಗಿತ್ತು. ಪಕ್ಕದಲ್ಲಿ ಕೂತಿದ್ದ ನಂಗೇ ತಡ್ಕಳಕ್ಕಾಗ್ಲಿಲ್ಲ. ನೀವು ಪೂರ್ತಿ ತಿಂದು ಬೆರಳು ನೆಕ್ಕುದ್ರಿ.”

“ಆವಾಗ್ಲೇ ಹೇಳ್ಬಹುದಿತ್ತಲ್ಲ?”

“ಚೀಸಿಂದು ಹೇಳ್ದೆ. ಅಭ್ಯಾಸ ಇಲ್ಲ ಅಂದ್ರಿ.”

ತಪ್ಪಾಯ್ತು ಅಂದೆ. “ಆಯ್ತು ಬಿಡಿ,” ಅಂದರು. ಬಿಟ್ಟಿರಲಿಲ್ಲ. ಬಹಳ ದಿನ ಅವರು ಊಟಕ್ಕೆ ನನ್ನ ಬೆಂಚಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ, ಯಾವ ಮುಖ ಇಟ್ಟುಕೊಂಡು ಕರೆಯಲಿ?

ಹೊಸ ಉಪ್ಪುನೀರಿನಲ್ಲಿ ಮತ್ತೆ ಚೀಸು ಮಾಡಿದರು. ಸಾರ್ ಹೇಳಿದ್ದರಿಂದ ದಿನಾ ಮೂಸಿ ನೋಡುವ ಕೆಲಸ ಅಕ್ಕನಿಗೇ ಬಂತು. ನಾನು ಹೊರಗೆ ಕೂತು ಲೆಕ್ಕ ಬರೆದೆ. ತಳಿ ಕೊನೆಯವರೆಗೂ ಬದುಕಿತು. ಡೈರಿಯವರು ಮತ್ತೆ ಬಂದು, ತಿಂದು, ಎರಡನೇ ತುಂಡು ಕೇಳಿದರು. ಒಳಗಿನ ನಗು ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. ಆಗ ಅಕ್ಕ ಕಾಗದದ ಮೇಲೆ ಒಂದು ತುಂಡು ತಂದಿಟ್ಟರು.

“ತಿನ್ನಿ ಮೇಡಂ. ನೀವೇ ಹುಡುಕಿದ್ದಲ್ವಾ.”

“ವಾಸನೆ ಹೆಂಗಿದೆ ಅಕ್ಕ?”

ಅವರು ಯೋಚಿಸಿದರು. “ಬೆಣ್ಣೆ ಕಾಯ್ಸಿ ತುಪ್ಪ ಬಗ್ಗಿಸ್ಕಂಡ್ಮೇಲೆ ತಳದಲ್ಲಿ ಗಸಿ ಉಳೀತದಲ್ಲ, ಹಂಗೆ. ಒಸಿ ಹುಳಿ.” ನಾನು ಅದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಪಾತ್ರೆ ಕಣ್ಣಿಗೆ ಬಂತು, ಕಂದು ಗಸಿ ಬಂತು, ವಾಸನೆ ಬರಲಿಲ್ಲ.

ಈಗ ವಿಜಯನಗರದ ಡಾಕ್ಟರೊಬ್ಬರು ಹೇಳಿದಂತೆ ದಿನಾ ಬೆಳಿಗ್ಗೆ ಬೇರೆ ಬೇರೆ ವಾಸನೆಯ ನಾಲ್ಕು ಪುಟ್ಟ ಸೀಸೆಗಳನ್ನು ಮೂಸುತ್ತೇನೆ. ಮೂಗಿಗೆ ಮತ್ತೆ ಪಾಠ ಹೇಳಿಕೊಡುವ ಕೆಲಸ. ಹೋದ ತಿಂಗಳು ಒಂದು ದಿನ ಲವಂಗದ ಸೀಸೆಯಿಂದ ಏನೋ ಬಂತು. ಲವಂಗವಲ್ಲ, ಸುಟ್ಟ ರಬ್ಬರಿನಂಥದ್ದು. ತಪ್ಪು ವಾಸನೆ, ಆದರೂ ವಾಸನೆ. ಯಾರಿಗಾದರೂ ಹೇಳಬೇಕೆನ್ನಿಸಿ ಫೋನು ಕೈಗೆತ್ತಿಕೊಂಡು ಹೆಸರುಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ಇನ್ನೂ ಆರೂವರೆ. ಇಷ್ಟು ಸಣ್ಣ ವಿಷಯಕ್ಕೆ ಎಬ್ಬಿಸಬಹುದಾದವರು ಯಾರೂ ಸಿಗಲಿಲ್ಲ. ಫೋನು ಕೆಳಗಿಟ್ಟು ಸೀಸೆಯ ಮುಚ್ಚಳ ತೆಗೆದು ಇನ್ನೊಂದು ಸಲ ಮೂಸಿದೆ.