ಶಿರಾ ಬಿಡದ ಮನೆತನ

ಗೌಡಗೆರೆಯಿಂದ ಮದುವೆಯಾಗಿ ಶಿರಾಕ್ಕೆ ಬಂದಾಗ ನನಗೆ ಊರು ತೋರಿಸಿದವರು ನನ್ನ ಗಂಡ. ಪೇಟೆಯಲ್ಲಿ ಅವರದು ಕಂಬಳಿ ಅಂಗಡಿ. ಒಂದು ಸೋಮವಾರ ಅಂಗಡಿ ಬೇಗ ಮುಚ್ಚಿ, ಕೋಟೆಯ ಕಂದಕದ ಪಕ್ಕದಲ್ಲಿ ನನ್ನನ್ನು ನಡೆಸಿಕೊಂಡು ಹೋದರು.

"ದಿಲ್ಲಿ ಬಾದಶಹನ ಸುಬೇದಾರರು ಇಲ್ಲೇ ಕುಂತು ಆಳಿದ್ದು. ಬೆಂಗಳೂರಿನ ಲಾಲ್‌ಬಾಗು ಇಲ್ಲಿನ ತೋಟ ನೋಡ್ಕಂಡೇ ಮಾಡಿದ್ದಂತೆ. ರಾಜಧಾನಿಗೆ ಬಂದಿದ್ದೀಯ ಕಣೇ ನೀನು" ಅಂದರು.

ನನ್ನ ಕಣ್ಣಿಗೆ ಕಂಡದ್ದು ಕುಸಿದ ಗೋಡೆ, ಜಾಲಿಗಿಡ, ಮೇಯುತ್ತಿದ್ದ ಕುರಿ. ಅರಮನೆಯ ಕಲ್ಲುಗಳನ್ನು ಜನ ಯಾವ ಕಾಲದಲ್ಲೋ ಹೊತ್ತುಕೊಂಡು ಹೋಗಿ ಮನೆ ಕಟ್ಟಿಕೊಂಡಿದ್ದರು. ನಮ್ಮ ಮನೆಯ ಹೊಸ್ತಿಲೂ ಅಂಥದ್ದೇ. ಅದರ ಮೇಲೆ ಕೆತ್ತಿದ್ದ ಹೂಬಳ್ಳಿ ತುಳಿದು ತುಳಿದು ಸವೆದಿತ್ತು.

ಅತ್ತೆಯವರಿಗೆ ಈ ಊರಿನ ಹೆಮ್ಮೆ ಮಗನಿಗಿಂತ ಹೆಚ್ಚು. ಹಿಂದೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಹೊಸ ಪೇಟೆ ಮಾಡುವಾಗ ಅಲ್ಲಿ ತುಂಬಿಸಲು ಸುಲ್ತಾನರ ದಂಡು ಶಿರಾದ ಜನರನ್ನು ಬೀದಿಬೀದಿಯಾಗಿ ಎಬ್ಬಿಸಿಕೊಂಡು ಹೋಗಿತ್ತಂತೆ. ಆಗ ನಮ್ಮ ಮನೆಯವರು ಹಗೇವಿನಲ್ಲಿ, ಅಂದರೆ ಒಳಅಂಗಳದಲ್ಲಿ ರಾಗಿ ತುಂಬಿಡುತ್ತಿದ್ದ ನೆಲದಡಿಯ ಕಣಜದಲ್ಲಿ ಅಡಗಿ ಕೂತು, ದಂಡು ಹೋದ ಮೇಲೆ ಹೊರಗೆ ಬಂದರಂತೆ. ರಾಗಿ ಬೀಸುವಾಗೆಲ್ಲ ಅತ್ತೆ ಇದನ್ನು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಮದುವೆಯಾದ ಮಾರನೇ ವರ್ಷ ಪೇಟೆಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು ಅಂದರು. ಅಮಲ್ದಾರರ ಕಡೆಯವರು ತಮಟೆ ಹೊಡೆಸಿ, ಎಲ್ಲರೂ ಮನೆ ಬಿಟ್ಟು ಬಯಲಿಗೆ ಹೋಗಬೇಕು ಎಂದು ಸಾರಿದರು. ಊರಾಚೆ ಹಳೇ ಸುಬೇದಾರನೊಬ್ಬನ ಗೋರಿಯ ಪಕ್ಕದ ಬಯಲಲ್ಲಿ ನಾವು ಸೋಗೆ ಗುಡಿಸಲು ಹಾಕಿಕೊಂಡೆವು. ಗೋರಿ ನೋಡಿಕೊಳ್ಳುತ್ತಿದ್ದ ಸಾಬರು, ವಯಸ್ಸಾದವರು, ತಮ್ಮ ಬಾವಿಯ ನೀರು ಸೇದಿಕೊಳ್ಳಲು ಹೇಳಿದರು.

ಕಡೆಯ ಗಾಡಿಯಲ್ಲಿ ಬರುತ್ತೇನೆ ಅಂದಿದ್ದ ಅತ್ತೆ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾವಿಬ್ಬರೂ ಪೇಟೆಗೆ ಹೋದೆವು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಅಂಗಳದಲ್ಲಿ ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಏಣಿ ಒಳಗಿತ್ತು. ಖಾಲಿ ಹಗೇವಿನ ತಳದಲ್ಲಿ ಅತ್ತೆ ಗೋಣಿಚೀಲ ಹೊದ್ದು ಕೂತಿದ್ದರು.

"ಅವ್ವ, ಬಾ ಮೇಲಕ್ಕೆ" ಅಂದರು ನನ್ನ ಗಂಡ.

"ನಾನು ಬರಾಕಿಲ್ಲ. ದಂಡು ಬಂದಾಗ್ಲೇ ನಮ್ಮೋರು ಊರು ಬುಡ್ಲಿಲ್ಲ. ಇಲಿಗೆ ಹೆದ್ರಿ ಬುಡಾದಾ?"

"ಅದು ಬೇರೆ, ಇದು ಬೇರೆ ಕಣವ್ವ."

ಅತ್ತೆ ಮುಖ ತಿರುಗಿಸಿಕೊಂಡರು. ಇವರು ಕೆಳಗಿಳಿದರು. ಬಹಳ ಹೊತ್ತು ಮಾತು ಕೇಳಿಸಿತು, ಆಮೇಲೆ ಅಳು. ಕೊನೆಗೆ ತಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಮೇಲೆ ಬಂದರು. ಕೆಳಗೆ ಸತ್ತ ಇಲಿಗಳಿದ್ದವು ಎಂದು ದಾರಿಯಲ್ಲಿ ನನ್ನ ಕಿವಿಯಲ್ಲಿ ಮಾತ್ರ ಹೇಳಿದರು.

ಅದೇ ವಾರ ನನ್ನ ಗಂಡನಿಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಅತ್ತೆಗೆ ಏನೂ ಆಗಲಿಲ್ಲ. ನಾನು ಒದ್ದೆ ಬಟ್ಟೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಒಮ್ಮೆ ಕಣ್ಣು ಬಿಟ್ಟು, "ಅವ್ವಂಗೆ ಇಲಿ ಇಚಾರ ಹೇಳ್ಬ್ಯಾಡ" ಅಂದರು. ಹೂಂ ಅಂದೆ. ಮಧ್ಯಾಹ್ನದ ಬಿಸಿಲಲ್ಲಿ ಪ್ರಾಣ ಹೋಯಿತು.

ಸಂಸ್ಕಾರಕ್ಕೆ ಬರಬೇಕಾದ ಅಯ್ಯನವರು ಹೆದರಿ ಬರಲಿಲ್ಲ. ಗೋರಿಯ ಸಾಬರೂ ಅವರ ಮಕ್ಕಳೂ ಗುಂಡಿ ತೋಡಿದರು.

"ನಿಮ್ಮಲ್ಲಿ ಕೂರಿಸಿ ಮಣ್ಣು ಮಾಡ್ತಾರಲ್ವಾ ತಾಯಿ, ಅಗಲ ಸಾಕಾ ನೋಡಿ" ಎಂದು ಸಾಬರು ಕೇಳಿದರು. ನಾನು ಬಗ್ಗಿ ನೋಡಿ, ಸಾಕು ಅಂದೆ. ಅತ್ತೆಯೇ ಮಗನ ಹಣೆಗೆ ವಿಭೂತಿ ಹಚ್ಚಿದರು. ಎದೆ ಬಡಿದುಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ಪಕ್ಕದ ಗುಡಿಸಲಿನ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಒಲೆಯ ಮೇಲೆ ಎಸರು ಇಟ್ಟು ಬಂದಿದ್ದೇನೆ, ಉಕ್ಕುತ್ತಿರಬಹುದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬೇನೆ ಇಳಿದ ಮೇಲೆ ಊರಿಗೆ ವಾಪಸು ಬಂದೆವು. ಸೋಂಕು ಸಾಯುವಂತೆ ಒಳಗೆ ಬಿಸಿಲು ಬೀಳಲೆಂದು ಅಮಲ್ದಾರರ ಕಡೆಯವರು ಮನೆಗಳ ಹೆಂಚು ತೆಗೆಸಿದ್ದರು. ಅಡುಗೆಮನೆಯಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು. ಅತ್ತೆ ಆಳು ಕರೆಸಿ ಹಗೇವಿಗೆ ಮಣ್ಣು ತುಂಬಿಸಿದರು. ಇಲಿ ಇದ್ದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗಂಜಾಮಿನ ಕಥೆ ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಅವರ ಮೇಲೆ ಸಿಟ್ಟು ಬರುತ್ತದೆಂದು ನಾನೇ ಕಾದೆ. ಅದೂ ಬರಲಿಲ್ಲ.

ನನ್ನನ್ನು ಕರೆದುಕೊಂಡು ಹೋಗಲು ಗೌಡಗೆರೆಯಿಂದ ಅಣ್ಣ ಬಂದ.

"ಹೋಗವ್ವ. ಇನ್ನೂ ಚಿಕ್ಕೋಳು ನೀನು. ನಾನು ಹೆಂಗೋ ಇರ್ತೀನಿ" ಅಂದರು ಅತ್ತೆ.

ಹೋಗಬೇಕು ಅಂತಲೂ ಅನ್ನಿಸಲಿಲ್ಲ, ಇರಬೇಕು ಅಂತಲೂ ಅನ್ನಿಸಲಿಲ್ಲ. "ಹೆಂಚು ಹೊದಿಸೋದು ಐತೆ ಅಣ್ಣ, ಆಮೇಲೆ ನೋಡಾನ" ಅಂದೆ. ಅಣ್ಣ ಊಟ ಮಾಡಿ ಹೊರಟುಹೋದ. ಹೆಂಚು ಹೊದಿಸಿದ ಮೇಲೂ ನಾನು ಹೋಗಲಿಲ್ಲ.

ಕುರುಬರ ಹಟ್ಟಿಯಿಂದ ಒಬ್ಬರು ಕತ್ತೆಯ ಮೇಲೆ ಕಂಬಳಿ ಹೇರಿಕೊಂಡು ಬಂದು ಬಾಗಿಲಲ್ಲಿ ನಿಂತರು. "ಅಂಗ್ಡಿ ಐತೋ, ಮುಚ್ಬುಟ್ರೋ?" ಎಂದು ಕೇಳಿದರು.

ಅತ್ತೆ ನನ್ನ ಮುಖ ನೋಡಿದರು.

"ಐತೆ, ಇಳ್ಸಿ" ಅಂದೆ.

ಕಂಬಳಿಗಳಿಂದ, ನೂಲಿಗೆ ಹಾಕಿದ್ದ ಹುಣಸೆಬೀಜದ ಗಂಜಿಯ ವಾಸನೆ ಬರುತ್ತಿತ್ತು. ಒಂದನ್ನು ಬಿಡಿಸಿ, ಬೆಳಕಿಗೆ ಹಿಡಿದು, ತೂತಿದೆಯೇ ನೋಡಿ ಮಡಿಸಿಟ್ಟೆ. ಅತ್ತೆ ಮುಂದಿನದನ್ನು ಎತ್ತಿಕೊಟ್ಟರು.