ಅಕ್ಕನ ತಲೆ ಮುಟ್ಟದೆ ಹೋದದ್ದು

ಐವತ್ತರ ದಶಕದ ಕೊನೆಯಲ್ಲಿ ನಾವು ಬೋಳಾರದಲ್ಲಿ, ಹೆಂಚಿನ ಕಾರ್ಖಾನೆಯ ಹಿಂದಿನ ಬಾಡಿಗೆ ಮನೆಯಲ್ಲಿದ್ದೆವು. ಅಮ್ಮ ಕಾರ್ಖಾನೆಗೆ ಹೋಗುತ್ತಿದ್ದಳು. ಅಕ್ಕನೂ ನಾನೂ ಬೀಡಿ ಕಟ್ಟುತ್ತಿದ್ದೆವು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಎಲೆ ಕತ್ತರಿಸುವುದರಿಂದ ನೂಲು ಸುತ್ತುವ ತನಕ ಎಲ್ಲವನ್ನೂ ಕಲಿಸಿದವಳು ಅಕ್ಕನೇ.

ನನಗೆ ಹತ್ತೊಂಬತ್ತಾಗಿದ್ದಾಗ ಅವಳಿಗೆ ಕ್ಷಯ ಎಂದು ಗೊತ್ತಾಯಿತು. ಅತ್ತಾವರದ ಡಾಕ್ಟರರು ಅವಳನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಇಂಜೆಕ್ಷನ್, ಮಾತ್ರೆ ಬರೆದುಕೊಟ್ಟರು. ಬಟ್ಟಲು ಬೇರೆ ಇಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ, ಕಿಟಕಿ ತೆರೆದಿರಲಿ ಎಂದರು. ಅಷ್ಟೇ ಹೇಳಿದ್ದು.

ನಮ್ಮ ಓಣಿಯಲ್ಲಿ ಒಂದು ಕ್ರಮವಿತ್ತು. ಮಧ್ಯಾಹ್ನ ಊಟವಾದ ಮೇಲೆ ಬೀಡಿ ಕಟ್ಟುವ ಹೆಂಗಸರು ಪಕ್ಕದ ಮನೆಯ ಮೆಟ್ಟಿಲುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಕೂತು, ಮುಂದಿನವಳ ತಲೆಯ ಹೇನು ಹೆಕ್ಕುವುದು. ಸುದ್ದಿ, ನಗು, ಜಗಳ ರಾಜಿಯಾಗುವುದು ಎಲ್ಲ ಅಲ್ಲೇ. ಕಾಯಿಲೆಯ ಸುದ್ದಿ ಹಬ್ಬಿದ ಮೇಲೆ ಅಕ್ಕನಿಗೆ ಅಲ್ಲಿದ್ದ ಜಾಗ ಹೋಯಿತು. ನನ್ನ ಜಾಗ ಉಳಿದದ್ದು ಒಂದು ಮಾತಿನ ಮೇಲೆ. ಆ ಮನೆಯ ಅಜ್ಜಿ ಕೇಳಿದರು: "ನೀನು ಅವಳ ತಲೆ ಮುಟ್ಟುವುದಿಲ್ಲ ಅಲ್ವಾ? ಮುಟ್ಟಿದರೆ ಇಲ್ಲಿಗೆ ಬರಬೇಡ ಮಾರಾಯ್ತಿ." ಆ ಮೆಟ್ಟಿಲು ಬಿಟ್ಟರೆ ನನಗೆ ಬೇರೆ ಯಾರಿದ್ದರು? ಮುಟ್ಟುವುದಿಲ್ಲ ಎಂದೆ.

ಅಕ್ಕ ಕಿಟಕಿಯ ಬಳಿ ಮಲಗಿ ಕಾರ್ಖಾನೆಯ ಹೆಂಚಿನ ಮಾಡಿನ ಮೇಲಿನ ಮಂಗಗಳನ್ನು ನೋಡುತ್ತಿದ್ದಳು. ಒಂದು ಹೆಣ್ಣು ಮಂಗದ ತೋಳು ಕಚ್ಚಾಟದಲ್ಲಿ ಹರಿದಿತ್ತು. ಇನ್ನೆರಡು ಮಂಗಗಳು ದಿನವಿಡೀ ಅದಕ್ಕೆ ಒತ್ತಿ ಕೂತು ಕೂದಲು ಬಿಡಿಸುತ್ತಿದ್ದವು, ಗಾಯ ಒಣಗಿತು. ಮಾಡಿನ ತುದಿಯಲ್ಲಿ ಒಂದು ಮುದಿ ಮಂಗ ಒಂಟಿಯಾಗಿರುತ್ತಿತ್ತು. ಅದರ ಮೈಯಲ್ಲಿ ಗಾಯವಿರಲಿಲ್ಲ. ಆದರೂ ಕೂದಲು ಉದುರಿ, ಬೆನ್ನೆಲುಬು ಎದ್ದು, ಒಂದು ಬೆಳಿಗ್ಗೆ ಚರಂಡಿಯಲ್ಲಿ ಸತ್ತು ಬಿದ್ದಿತ್ತು.

"ಅದಕ್ಕೆ ತಿನ್ನಲಿಕ್ಕೆ ಬೇಕಾದಷ್ಟು ಇತ್ತು," ಎಂದಳು ಅಕ್ಕ. "ಹತ್ತಿರ ಕೂತುಕೊಳ್ಳಲಿಕ್ಕೆ ಯಾರೂ ಇರಲಿಲ್ಲ." ಆಮೇಲೆ ತಲೆ ಕೆರೆದುಕೊಳ್ಳುತ್ತಾ, "ನನ್ನ ತಲೆ ಒಮ್ಮೆ ನೋಡ್ತೀಯಾ? ಸ್ವಲ್ಪ ಹೊತ್ತು ಸಾಕು," ಎಂದಳು.

"ಮುಟ್ಟಬಾರದು ಅಂತ ಡಾಕ್ಟರೇ ಹೇಳಿದ್ದಾರೆ ಅಕ್ಕ." ಬಾಗಿಲಲ್ಲಿ ನಿಂತೇ ಹೇಳಿದೆ.

ಅವಳು ಮತ್ತೆ ಕೇಳಲಿಲ್ಲ. ಊಟ ಅರ್ಧಕ್ಕೆ ಬಿಡತೊಡಗಿದಳು. ಮಾತ್ರೆಗಳನ್ನು ನುಂಗದೆ ದಿಂಬಿನಡಿ ಇಡುತ್ತಿದ್ದುದು ಎಷ್ಟೋ ದಿನಗಳ ಮೇಲೆ ಗೊತ್ತಾಯಿತು.

ಮುಂದಿನ ಸಲ ಅತ್ತಾವರಕ್ಕೆ ಹೋದಾಗ ಡಾಕ್ಟರರು ಅವಳ ಗಂಟುಗಟ್ಟಿದ ಜಡೆ ನೋಡಿ ಗದರಿದರು. ಮನೆಯಲ್ಲಿ ಬಾಚುವವರಿಲ್ಲವೇ ಎಂದು ಕೇಳಿದರು. ನನ್ನನ್ನು ಯಾರೂ ಮುಟ್ಟಬಾರದಲ್ಲ ಎಂದಳು ಅಕ್ಕ.

"ಹಾಗಂತ ಹೇಳಿದ್ದು ಯಾರು?"

ಅಕ್ಕ ನನ್ನ ಕಡೆ ನೋಡಿದಳು. "ಯಾರೂ ಇಲ್ಲ ಡಾಕ್ಟ್ರೇ. ನಾನೇ ಹಾಗೆ ಎಣಿಸಿದ್ದು."

ಮನೆಗೆ ಬಂದು ನಾನು ಬಾಚಣಿಗೆ ಹಿಡಿದು ಅವಳ ಕೋಣೆಗೆ ಹೋದೆ. ಅಷ್ಟರಲ್ಲಿ ಮೆಟ್ಟಿಲಿನಿಂದ ಹೆಂಗಸರು ಕರೆದರು. ಬಾಚಣಿಗೆಯನ್ನು ಹಾಸಿಗೆಯ ಮೇಲಿಟ್ಟು, ಹೊರಗೆ ಹೋಗಿ ನನ್ನ ಜಾಗದಲ್ಲಿ ಕೂತೆ.

ಮಳೆ ಬಿಡುವ ಮೊದಲೇ ಅಕ್ಕ ತೀರಿಕೊಂಡಳು. ಮಾತ್ರೆ ನುಂಗದೆ ಸತ್ತಳೋ, ನುಂಗುವ ಮನಸ್ಸೇ ಇಲ್ಲದಂತೆ ನಾನು ಮಾಡಿದೆನೋ, ನಾಲ್ಕನೇ ಕ್ಲಾಸು ಕಲಿತ ನನಗೆ ತೀರ್ಮಾನಿಸಲು ಬರುವುದಿಲ್ಲ. ಶವ ಮೀಯಿಸುವಾಗ ಅವಳ ಕೂದಲಿನ ಗಂಟುಗಳನ್ನು ಬಿಡಿಸಿದವಳು ನಾನು. ತುಂಬ ಹೊತ್ತು ಹಿಡಿಯಿತು. ಆ ದಿನ ಯಾರೂ ಬೇಡ ಎನ್ನಲಿಲ್ಲ.