ಮೊದಲ ಸಾಲಿಗೆ ಥೈರಾಯ್ಡ್

ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯ ಗಂಗಮ್ಮ ನಾಲ್ಕು ದಿನ ಮಾತಿಲ್ಲದೆ, ಊಟವಿಲ್ಲದೆ ಕೂತಲ್ಲೇ ಕಲ್ಲಾಗಿದ್ದಳು. ಅವಳ ಅತ್ತೆ ಅದನ್ನು ಮೌನವ್ರತ ಅಂದುಕೊಂಡು ಮುಂದೆ ಊದುಬತ್ತಿ ಹಚ್ಚಿಟ್ಟಿದ್ದಳು. ನಾನು ಬೈದು, ಇಬ್ಬರನ್ನೂ ತರೀಕೆರೆಯ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಗಂಗಮ್ಮನ ಕೈ ಮೇಲೆತ್ತಿ ಬಿಟ್ಟರು. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಆಶೀರ್ವಾದವೆಂದು ಅತ್ತೆ ತಲೆಬಾಗಿದಳು.

"ಇದು ಕ್ಯಾಟಟೋನಿಯಾ ಕಣಮ್ಮ, ಮೈ ಮರಗಟ್ಟೋ ಕಾಯಿಲೆ" ಎಂದು ಡಾಕ್ಟರು ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷಕ್ಕೆ ಕೈ ಇಳಿಯಿತು. ಗಂಗಮ್ಮ "ನೀರು" ಅಂದಳು. ರಕ್ತ ಪರೀಕ್ಷೆಯಲ್ಲಿ ಮೂಲವೂ ಸಿಕ್ಕಿತು: ಥೈರಾಯ್ಡ್ ಪೂರ್ತಿ ಕುಸಿದಿತ್ತು.

ಆದರೆ ಕಂಪ್ಯೂಟರಿನ ಮುಂದಿದ್ದ ಗುಮಾಸ್ತ ದಾಖಲಾತಿ ಹಾಳೆಯಲ್ಲಿ, ಕಾಯಿಲೆಗೊಂದರಂತೆ ಇರುವ ಕೋಡ್ ನಂಬರುಗಳಲ್ಲಿ ಕ್ಯಾಟಟೋನಿಯಾದ್ದೊಂದನ್ನೇ ಹಾಕಿ, "ಮಾನಸಿಕ ಕೇಸು. ಇಲ್ಲಿ ಬೆಡ್ ಇಲ್ಲ, ಬೇರೆ ಕಡೆ ಕರ್ಕೊಂಡೋಗ್ರೀ" ಅಂದ.

ಆ ಕಾಗದ ಹಿಡಿದು ಹೋದರೆ ಅವಳ ಥೈರಾಯ್ಡನ್ನು ಯಾರು ನೋಡುತ್ತಾರೆ? ನಾನು ಫೋನಿನಲ್ಲಿ ಕೋಡಿನ ನಿಯಮ ಹುಡುಕಿ ಅವನ ಮೂಗಿನ ಮುಂದೆ ಹಿಡಿದೆ.

"ಮೊದ್ಲು ಮೈಯ ಕಾಯಿಲೆ ಹಾಕ್ಬೇಕು, ಅದರ ಕೆಳಗೆ ಇದು. ಓದ್ರೀ."

"ನೀವೇನ್ ಡಾಕ್ಟ್ರಾ?"

"ಏಳನೇ ಕ್ಲಾಸು. ಓದಕ್ಕೆ ಬತ್ತದೆ."

ಗೊಣಗುತ್ತಲೇ ಥೈರಾಯ್ಡನ್ನು ಮೊದಲ ಸಾಲಿಗೆ ಹಾಕಿದ. ಕಂಪ್ಯೂಟರು ಬೆಡ್ ಕೊಟ್ಟಿತು.

ಡಾಕ್ಟರು ಬಂದು ಹಾಳೆ ನೋಡಿ, "ಸರಿಯಾಗಿ ಹಾಕಿದೀರಲ್ಲ, ಇದರಲ್ಲಿ ಎಷ್ಟೋ ಜನ ತಪ್ಪು ಮಾಡ್ತಾರೆ" ಅಂದರು ಗುಮಾಸ್ತನಿಗೆ.

"ಅಭ್ಯಾಸ ಸಾರ್" ಅಂದ ಅವನು.

ಕಡೂರಿನಿಂದ ಅಜ್ಜಂಪುರದವರೆಗೆ ಕಚೇರಿ ಕಚೇರಿಯಲ್ಲಿ ಕೂಗಾಡಿದವನು ನಾನು. ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡು ನಿಂತೆ. ಗಂಗಮ್ಮ ಬೆಡ್ಡಿನ ಮೇಲೆ ಇಡ್ಲಿ ತಿನ್ನುತ್ತಿದ್ದಳು. ಅವನು ಏನು ಬೇಕಾದರೂ ಹೇಳಿಕೊಳ್ಳಲಿ.